ಜಮಖಾನದ ಮೇಲಿನ ವಿಮಾನ

ನಮ್ಮ ಅಡುಗೆಮನೆಯ ಗೋಡೆಗೆ ಒಂದು ಮೊಳೆ ಇದೆ. ಆ ಮೊಳೆಗೆ ಒಂದು ಸುತಳಿ ನೇತಾಡುತ್ತದೆ, ಹೆಚ್ಚೂಕಡಿಮೆ ಒಂದು ಮಾರು ಉದ್ದದ್ದು. ಅದರಿಂದ ಇವತ್ತಿನವರೆಗೆ ನಾವು ಏನನ್ನೂ ಕಟ್ಟಿಲ್ಲ. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಬಿಗಿಯಬೇಕಾದರೆ ಬೇರೆ ದಾರ ಹುಡುಕಬೇಕು. ಒಮ್ಮೆ ಹಾಲು ತರುವ ಹೆಣ್ಣುಮಗಳು ತನ್ನ ಕ್ಯಾನಿನ ಮುಚ್ಚಳ ಸಡಿಲಾಗಿದೆಯೆಂದು ಅದಕ್ಕೆ ಕೈ ಹಾಕಿದಳು.

"ಅದೊಂದು ಬಿಟ್ಟು ಮನ್ಯಾಗ ಏನರ ತಗೋ ಯವ್ವಾ" ಎಂದಳು ನನ್ನ ಹೆಂಡತಿ ಮಹಾದೇವಿ.

"ಯಾಕ್ರೀ ಅಕ್ಕಾ, ದೇವ್ರದೇನು?"

"ದೇವ್ರದಲ್ಲ. ನಮ್ಮ ಮನಿಯವ್ರದು."

ಆ ಹೆಣ್ಣುಮಗಳು ಸುತಳಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಏನು ತಿಳಿದುಕೊಂಡಳೋ, ಅವತ್ತಿನಿಂದ ಒಂದು ತಿಂಗಳು ಹಾಲು ಸ್ವಲ್ಪ ಹೆಚ್ಚೇ ಹಾಕಿದಳು. ನಿಮಗಾದರೂ ನಿಜ ಹೇಳಿಬಿಡುತ್ತೇನೆ. ನಾನು ಯಾವುದಾದರೊಂದು ಮಾತಿಗೆ ಹಠ ಹಿಡಿದು ಕೂತೆನೆಂದರೆ ಮಹಾದೇವಿ ವಾದ ಮಾಡುವುದಿಲ್ಲ. ಎದ್ದು ಹೋಗಿ ಸುತಳಿ ತಂದು ನನ್ನ ತಾಟಿನ ಪಕ್ಕದಲ್ಲಿಡುತ್ತಾಳೆ. ನಾನು ಅದನ್ನು ನೋಡುತ್ತ ಎರಡು ತುತ್ತು ರೊಟ್ಟಿ ಮುರಿಯುತ್ತೇನೆ. ಮೂರನೆಯ ತುತ್ತಿಗೆ "ಆತು ಬಿಡು, ತಪ್ಪಾತು" ಅನ್ನುತ್ತೇನೆ. ಆಕೆ ಸುತಳಿಯನ್ನು ಮೊಳೆಗೆ ಹಾಕಿ ಪಲ್ಯ ಬಡಿಸುತ್ತಾಳೆ. ಮೂವತ್ತು ವರ್ಷದ ಮೇಲಾಯಿತು, ಸಂಸಾರ ಹೀಗೇ ನಡೆದಿದೆ.

ಈ ಸುತಳಿಯ ಸಂಗತಿ ಹೇಳಬೇಕೆಂದರೆ ವಿಮಾನದಿಂದ ಶುರುಮಾಡಬೇಕು. ನಾನು ವಿಮಾನ ಹತ್ತಿದವನಲ್ಲ, ಹತ್ತಿರದಿಂದ ಮುಟ್ಟಿದವನೂ ಅಲ್ಲ. ಆದರೆ ವಿಮಾನದ ದೆಸೆಯಿಂದ ನನ್ನ ಬಾಳು ಒಂದು ಸಲ ಕೆಟ್ಟು, ಮತ್ತೆ ನೆಟ್ಟಗಾಯಿತು.

ನಾನು ಹುಟ್ಟಿದ್ದು ಬಳಿಚಕ್ರದಲ್ಲಿ. ಮಳೆ ನಂಬಿದ ಊರು. ತೊಗರಿ ಬಿತ್ತಿದ ಮೇಲೆ ಊರಿಗೆ ಊರೇ ಕತ್ತೆತ್ತಿ ಆಕಾಶ ನೋಡುತ್ತ ಓಡಾಡುವುದು ರೂಢಿ. ಹಾಗೆ ಮೋಡ ಹುಡುಕುವಾಗ ಒಮ್ಮೊಮ್ಮೆ ವಿಮಾನ ಕಾಣುತ್ತಿತ್ತು. ಸದ್ದು ಕೇಳಿದೊಡನೆ ನಮ್ಮ ಆಯಿ, ಅಂದರೆ ಅಜ್ಜಿ, ಮಾಳಿಗೆಗೆ ಓಡಿ, ಒಣಹಾಕಿದ ಸಂಡಿಗೆಯ ಮೇಲೆ ತನ್ನ ಹಳೆಯ ಸೀರೆ ಹೊದಿಸುತ್ತಿದ್ದಳು. "ಮ್ಯಾಲಿಂದ ಏನ್ ಚೆಲ್ತಾರೋ, ಏನ್ ಉಗುಳ್ತಾರೋ, ಯಾರಿಗೊತ್ತವ್ವಾ" ಅನ್ನುತ್ತಿದ್ದಳು. ವಿಮಾನ ಗುಡ್ಡ ದಾಟಿ ಸದ್ದಡಗಿದ ಮೇಲೇ ಸೀರೆ ತೆಗೆಯುತ್ತಿದ್ದದ್ದು. ಆಕೆಯ ಸಂಡಿಗೆಗೆ ಆಕಾಶದಿಂದ ಒಂದು ದಿನವೂ ಕೆಡುಕಾಗಲಿಲ್ಲ. ಮುಂಜಾಗ್ರತೆ ಅಂದರೆ ಹಾಗಿರಬೇಕು.

ನಾನು ಅಂಗಿ ಕಳಚಿ ಬೀಸುತ್ತಿದ್ದೆ. ಒಮ್ಮೆ ವಿಮಾನದವನು ನನ್ನ ಅಂಗಿ ನೋಡಿ ರೆಕ್ಕೆ ಸ್ವಲ್ಪ ಓರೆ ಮಾಡಿದ ಎಂದು ಸಾಲೆಯಲ್ಲಿ ಹೇಳಿದೆ. ಯಾರೂ ನಂಬಲಿಲ್ಲ. ನಾನು ಬಿಡಲಿಲ್ಲ. ಮಾತಿಗೆ ಮಾತು ಬೆಳೆದು, ಜಗಳವಾಗಿ, ಬೀಸಿದ ಅಂಗಿಯೇ ಹರಿದುಹೋಯಿತು. ಮನೆಗೆ ಬಂದಾಗ ಅವ್ವ ಬೆನ್ನಿಗೆ ಎರಡು ಕೊಟ್ಟು, "ಈಗರ ಒಪ್ಪಕೋ, ಓರೆ ಮಾಡಿಲ್ಲ ಅಂತ" ಎಂದಳು. ನಾನು ಅಳುತ್ತಲೇ "ಮಾಡ್ಯಾನ" ಎಂದೆ. ನನ್ನ ಹಠ ಆಗಿನದು, ಸುತಳಿ ಬಂದದ್ದು ಬಹಳ ತಡವಾಗಿ.

ಅಷ್ಟರಲ್ಲಿ ನಮ್ಮ ಸೀಮೆಗೆ ಕೃಷ್ಣೆಯ ಕಾಲುವೆ ಬಂತು. ನಮ್ಮೂರಿಗಲ್ಲ, ಶಹಾಪುರದ ಕಡೆಗೆ. ಮೊದಲ ನೀರು ಬಿಟ್ಟ ದಿನ ಜನ ಅರಿಷಿಣ ಕುಂಕುಮ ಹಿಡಿದು ದಂಡೆಯ ಮೇಲೆ ನಿಂತಿದ್ದರು. ನಮ್ಮ ಅಪ್ಪನ ತಮ್ಮ ಸಾಬಣ್ಣ ಕಾಕಾ ಬಳಿಚಕ್ರದಿಂದ ಬಸ್ಸು ಬದಲಿಸಿ ಬಂದು, ಬೊಗಸೆಯಲ್ಲಿ ನೀರು ಮೊಗೆದು ಬಾಯಲ್ಲಿ ಹಾಕಿಕೊಂಡು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ. "ನೀರು ಛಲೋ ಅವ. ಆದ್ರ ಹೊಳಿ ರುಚಿ ಬರಬೇಕಂದ್ರ ಇನ್ನಾ ಥೋಡೆ ದಿನ ಬೇಕು" ಎಂದು ತೀರ್ಪು ಕೊಟ್ಟ. ಆ ಕಾಲುವೆಯ ಮೇಲೆಯೇ ನನಗೆ ನೌಕರಿ ಸಿಕ್ಕಿತು. ದಿನಕ್ಕೆ ಮೂರು ಸಲ ಅಳತೆಗೋಲು ನೋಡಿ ನೀರು ಎಷ್ಟು ಎತ್ತರ ಇದೆ ಎಂದು ಬರೆದಿಡುವುದು. ಕೆಲಸ ಅಷ್ಟೇ. ಆದರೆ ನನ್ನನ್ನು ಕೇಳಿದರೆ, ಕೃಷ್ಣಾ ನದಿ ನನ್ನ ಸಹಿ ಇಲ್ಲದೆ ಮುಂದೆ ಹರಿಯುತ್ತಿರಲಿಲ್ಲ.

ಕಾಲುವೆ ಕೆಲಸದವರೆಲ್ಲ ಇದ್ದ ನಮ್ಮ ಕ್ಯಾಂಪಿನ ಹಿಂದೆ ಕಲ್ಲು ಒಡೆಯುವ ಮಷೀನು ಇತ್ತು. ಒಡೆದ ಖಡಿಯನ್ನು ಮೇಲಕ್ಕೆ ಒಯ್ಯಲು ಅಗಲವಾದ ರಬ್ಬರಿನ ಪಟ್ಟಾ ಒಂದು ಇಳಿಜಾರಾಗಿ ಸದಾ ಓಡುತ್ತಿತ್ತು. ಒಂದು ದಿನ ಕ್ಯಾಂಪಿನ ನಾಯಿ ಹೇಗೋ ಅದನ್ನು ಹತ್ತಿಬಿಟ್ಟಿತು. ಪಟ್ಟಾ ಮೇಲಕ್ಕೆ ಒಯ್ಯುತ್ತಿದೆ, ನಾಯಿ ಗಾಬರಿಯಾಗಿ ಕೆಳಕ್ಕೆ ನಡೆಯುತ್ತಿದೆ. ಎಷ್ಟು ನಡೆದರೂ ಇದ್ದಲ್ಲೇ ಇದೆ! ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಕೊನೆಗೆ ಮಷೀನು ನಿಲ್ಲಿಸಿ ಅದನ್ನು ಇಳಿಸಿದರು. ಆಗ ಅಲ್ಲಿದ್ದ ಒಬ್ಬ ಸಾಹೇಬರು, ಮೈಸೂರು ಕಡೆಯವರು, ನಗುತ್ತ ಒಂದು ಪ್ರಶ್ನೆ ಹಾಕಿದರು.

"ನೋಡ್ರಯ್ಯ, ಆ ನಾಯಿ ಜಾಗದಲ್ಲಿ ಒಂದು ವಿಮಾನ ಇದೆ ಅಂದ್ಕೊಳ್ಳಿ. ಪಟ್ಟಾ ಮಟ್ಟಸವಾಗಿದೆ, ಬೇಕಾದಷ್ಟು ಉದ್ದ ಇದೆ. ವಿಮಾನ ಎಷ್ಟು ಜೋರಾಗಿ ಮುಂದಕ್ಕೆ ಹೋಗುತ್ತೋ, ಪಟ್ಟಾ ಅಷ್ಟೇ ಜೋರಾಗಿ ಹಿಂದಕ್ಕೆ ಓಡುತ್ತೆ. ಈಗ ಹೇಳಿ, ವಿಮಾನ ಹಾರುತ್ತೋ ಇಲ್ವೋ?"

"ಯೋಚನೆ ಮಾಡಿ, ಸೋಮವಾರ ಹೇಳ್ತೀನಿ" ಎಂದರು ಸಾಹೇಬರು. ಸೋಮವಾರ ಅವರಿಗೆ ವರ್ಗದ ಆದೇಶ ಬಂತು. ಉತ್ತರವನ್ನೂ ಟ್ರಂಕಿನಲ್ಲಿ ತುಂಬಿಕೊಂಡು ಹೋಗಿಬಿಟ್ಟರು ಪುಣ್ಯಾತ್ಮರು.

ಕ್ಯಾಂಪು ಎರಡು ಪಕ್ಷವಾಯಿತು. ಹಾರುತ್ತದೆ ಎಂಬವರು ನಾಲ್ಕೇ ಜನ, ಅವರಿಗೂ ಯಾಕೆ ಅಂತ ಗೊತ್ತಿರಲಿಲ್ಲ. ಹಾರುವುದಿಲ್ಲ ಎಂಬ ದೊಡ್ಡ ಪಕ್ಷಕ್ಕೆ ನಾನೇ ಮುಂದಾಳು. ನನ್ನ ಹತ್ತಿರ ಆಧಾರ ಇತ್ತು. ಸಂಜೆ ನಾವೆಲ್ಲ ಕಾಲುವೆಯಲ್ಲಿ ಈಜುತ್ತಿದ್ದೆವು. ದಂಡೆಯ ಮೇಲೆ ಸುಣ್ಣ ಬಳಿದ ಒಂದು ಕಲ್ಲಿತ್ತು. ಅದರ ಎದುರಿಗೆ ನೀರಿಗಿಳಿದು, ಹರಿವಿಗೆ ಎದುರಾಗಿ ಕೈ ಬಡಿಯುತ್ತ, ಕಲ್ಲು ಬಿಟ್ಟು ಹಿಂದಕ್ಕೆ ಸರಿಯದೆ ಯಾರು ನಿಲ್ಲುತ್ತಾರೆ ಎಂಬುದು ನಮ್ಮ ಪಂದ್ಯ. ದಂಡೆಯ ಮೇಲೆ ಕೂತವನು ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ನಾನು ನಿಲ್ಲುತ್ತಿದ್ದೆ. ಅದಕ್ಕಿಂತ ಮುಂದೆ ಮಾತ್ರ ಒಂದು ಗೇಣೂ ಹೋಗಲಾಗುತ್ತಿರಲಿಲ್ಲ. ನಾನೇ ಹೋಗದಿದ್ದ ಮೇಲೆ ವಿಮಾನ ಹ್ಯಾಗೆ ಹೋದೀತು? ಮುಂದೆ ಹೋಗದಿದ್ದರೆ ರೆಕ್ಕೆಗೆ ಗಾಳಿ ಎಲ್ಲಿಂದ ಬಂದೀತು? ಗಾಳಿ ಇಲ್ಲದೆ ಎದ್ದೀತು ಹ್ಯಾಗೆ? ಇಡೀ ಕ್ಯಾಂಪು ತಲೆದೂಗಿತು. ಆ ಹೊಗಳಿಕೆ ನನ್ನ ತಲೆಗೇರಿತು.

ಅದೇ ವರ್ಷ ಮನೆಯಲ್ಲಿ ನನಗೆ ಹೆಣ್ಣು ನೋಡಲು ಶುರುಮಾಡಿದರು. ನಮ್ಮ ಕಡೆ ಹೆಣ್ಣು ನೋಡಲು ಹೋದಾಗ ಹಿರಿಯರು ಊರು, ಬಳಗ ಎಲ್ಲ ವಿಚಾರಿಸಿಕೊಂಡ ಮೇಲೆ, "ಏನರ ಕೇಳೋದಿದ್ರ ಕೇಳಪಾ" ಎಂದು ಹುಡುಗನಿಗೆ ಹೇಳುತ್ತಾರೆ. ಹುಡುಗ ಹೆಸರು ಕೇಳಬೇಕು, ಎಷ್ಟನೆಯ ಇಯತ್ತೆ ಎಂದು ಕೇಳಬೇಕು, ತಲೆ ಕೆಳಗೆ ಹಾಕಬೇಕು. ನಾನು ವಿಮಾನ ಕೇಳುತ್ತಿದ್ದೆ. ಯಾಕೆ ಅಂದರೆ, ಸುಳ್ಳು ಯಾಕೆ ಹೇಳಲಿ, ನಾನು ಶಾಣ್ಯಾ ಎಂದು ಗೊತ್ತಾಗಲಿ ಅಂತ. ಮೊದಲನೆಯ ಹುಡುಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು ಒಳಗೆ ಓಡಿದಳು. ಎರಡನೆಯ ಮನೆಯಲ್ಲಿ ಹುಡುಗಿಯ ಅಪ್ಪನೇ ಕೈ ಮುಗಿದು, "ವಿಮಾನ ಯಾಕ್ರೀ, ನಮ್ಮೂರಿಗೆ ಬಸ್ ಅದಲ್ರಿ" ಎಂದ. ಎರಡೂ ಕೂಡಿಬರಲಿಲ್ಲ.

ಮೂರನೆಯದು ರಂಗಂಪೇಟೆ. ಶಹಾಪುರದಲ್ಲಿ ಬಸ್ಸು ಹತ್ತುವಾಗಲೇ ಸಾಬಣ್ಣ ಕಾಕಾ ನನ್ನ ಹೆಗಲಿಗೆ ಕೈ ಹಾಕಿ, "ತಮ್ಮಾ, ಇವತ್ತ ಆ ವಿಮಾನ ಇಲ್ಲೇ ಇಳಿಸಿ ಬಾ" ಎಂದ. ಆಗಲಿ ಎಂದೆ. ಸುರಪುರದಲ್ಲಿ ಇಳಿದು ರಂಗಂಪೇಟೆಗೆ ನಡೆದುಹೋಗುವಾಗ ಇನ್ನೊಮ್ಮೆ ನೆನಪಿಸಿದ. ಆಗಲಿ ಎಂದೆ.

ಹುಡುಗಿಯ ಅಪ್ಪ ಹಣಮಂತಪ್ಪ ಮೊದಲು ಕೃಷ್ಣೆಯ ದಂಡೆಯಲ್ಲಿ ಹರಗೋಲು ಹಾಕುತ್ತಿದ್ದವರು. ಸೇತುವೆಯಾದ ಮೇಲೆ ದಾಟುವ ಜನ ಕಡಿಮೆಯಾಗಿ, ರಂಗಂಪೇಟೆಗೆ ಬಂದು ಹಗ್ಗ, ಸುತಳಿ, ಬಲೆಯ ದಾರ ಮಾರುವ ಸಣ್ಣ ಅಂಗಡಿ ಇಟ್ಟಿದ್ದರು. ಓದು ಬರಹ ಇಲ್ಲ, ತೋಳು ಮಾತ್ರ ನನ್ನ ತೊಡೆಯಷ್ಟು ದಪ್ಪ. ನೀಲಿ ಕೆಂಪು ಪಟ್ಟೆಯ ಜಮಖಾನ ಹಾಸಿ ನಮ್ಮನ್ನು ಕೂಡಿಸಿದರು. ಒಳಗಿನಿಂದ ನೆನೆಸಿದ ಮಂಡಕ್ಕಿಯ ಸೂಸಲಕ್ಕೆ ಹಾಕಿದ ಒಗ್ಗರಣೆ ವಾಸನೆ ಬಂತು. ಕಾಕಾನ ಮುಖ ಅರಳಿತು.

ಮಹಾದೇವಿ ಸೂಸಲ, ಮಿರ್ಚಿಯ ತಾಟು ತಂದಿಟ್ಟು ನಮ್ಮೆದುರು ಕೂತಳು. ಊರಿನ ಸಾಲೆಯಲ್ಲಿ ಸಣ್ಣ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ನೆಲ ನೋಡಲಿಲ್ಲ, ಗೋಡೆ ನೋಡಲಿಲ್ಲ, ನನ್ನನ್ನೇ ನೋಡಿದಳು. ಬೆರಳಿಗೆ ಖಡುವಿನ, ಅಂದರೆ ಸೀಮೆಸುಣ್ಣದ, ಪುಡಿ ಹತ್ತಿತ್ತು. ಅಷ್ಟಕ್ಕೇ ಈಕೆಯೇ ಆಗಬೇಕು, ಬೇರೆ ಯಾರೂ ಬೇಡ ಅನ್ನಿಸಿತು. ಅನ್ನಿಸಿದ ಮೇಲೆ ಸುಮ್ಮನಿರಬೇಕಿತ್ತು.

"ಏನರ ಕೇಳೋದಿದ್ರ ಕೇಳಪಾ" ಎಂದ ಕಾಕಾ, ರೂಢಿಯ ಪ್ರಕಾರ. ಅಂದ ಕೂಡಲೇ ನೆನಪಾಗಿ ಕಣ್ಣು ಕಿಸಿದ. ತಡವಾಗಿತ್ತು. ನಾನು ವಿಮಾನವನ್ನು ಪಟ್ಟಾದ ಮೇಲೆ ತಂದು ನಿಲ್ಲಿಸಿಬಿಟ್ಟಿದ್ದೆ.

ಆಕೆ ನಗಲಿಲ್ಲ, ಓಡಲಿಲ್ಲ. ಪೂರ್ತಿ ಕೇಳಿಸಿಕೊಂಡು, "ಆ ಪಟ್ಟಾ ಗಾಲಿಗೆ ಅಷ್ಟೇ ಹತ್ತಿರತದೇನ್ರಿ?" ಎಂದಳು.

"ಹೌದು, ಗಾಲಿಗೇ."

"ಹಂಗಾರ ಹಾರ್ತದ್ರಿ."

"ಹಾರಂಗಿಲ್ಲ" ಎಂದೆ ನಾನು. ನಾಯಿಯ ಕಥೆ ಹೇಳಿದೆ. ಕಾಲುವೆಯ ಈಜು ಹೇಳಿದೆ. ಒಂದು ಬೀಡಿಯ ಲೆಕ್ಕವನ್ನೂ ಬಿಡಲಿಲ್ಲ. ಹಣಮಂತಪ್ಪನವರು ಮೆಚ್ಚಿ ತಲೆಯಾಡಿಸಿದರು. ಈಜು ಬಲ್ಲವರು.

ಮಹಾದೇವಿ ಹೇಳಿದಳು: "ಈಜುವಾಗ ನೀವು ನೀರನ್ನ ಹಿಂದಕ ದಬ್ಬತೀರಿ. ಆ ನೀರೇ ಓಡಾಕತ್ತದ. ಅದಕ ನಿಂತಲ್ಲೇ ಉಳೀತೀರಿ. ನಾಯಿದೂ ಅದೇ ಹಣೇಬರಾ, ಅದು ಪಟ್ಟಾನೇ ಒದ್ದು ನಡೀಬೇಕು. ಆದ್ರ ನಮ್ಮಪ್ಪ ಹರಗೋಲು ಮ್ಯಾಲಕ ಒಯ್ಯಬೇಕಾದ್ರ ದಂಡಿ ಮ್ಯಾಲ ನಡಕೋತ ಹಗ್ಗ ಹಿಡದು ಎಳೀತಿದ್ದ. ನೀರು ಹಿಂದಕ ಓಡ್ತಿತ್ತು, ಹರಗೋಲು ಮುಂದ ಬರ್ತಿತ್ತು."

"ವಿಮಾನಕ್ಕ ಹಗ್ಗ ಎಲ್ಲಿ ಅದ?"

"ಗಾಳಿ ಅದಲ್ರಿ. ಅದರ ಪಂಖಾ ಗಾಳಿ ಹಿಡದು ಎಳೀತದ. ಗಾಲಿ ಸುಮ್ಮ ಉಳ್ಳತಾವ ಅಷ್ಟೇ. ಗಾಳಿ ಏನ್ ಪಟ್ಟಾದ ಮ್ಯಾಲ ಕುಂತದೇನು?"

"ಬಾಯಿಲೆ ಹೇಳೋದು ಬ್ಯಾರೆ, ಮಾಡಿ ತೋರಿಸೋದು ಬ್ಯಾರೆ" ಎಂದೆ. ಎಂಥ ಮಾತು! ಆಕೆ ಥಟ್ಟನೆ ಎದ್ದಳು.

"ಕಾಕಾರೇ, ಥೋಡೆ ಏಳ್ರಿ."

ಕಾಕಾ ಸೂಸಲದ ತಾಟು ಹಿಡಿದುಕೊಂಡೇ ಎದ್ದು ಹೊಸ್ತಿಲ ಮೇಲೆ ಹೋಗಿ ಕೂತ. ಮೂಲೆಯಲ್ಲಿ ಮೂರು ಗಾಲಿಯ ಕಟ್ಟಿಗೆ ಗಾಡಿ ಇತ್ತು, ಕೂಸುಗಳು ಹಿಡಿದುಕೊಂಡು ನಡೆಯಲು ಕಲಿಯುವಂಥದ್ದು. ಆಕೆಯ ಅಕ್ಕನ ಮಗುವಿನದು. ಅದನ್ನು ಜಮಖಾನದ ನಡುವೆ ಇಟ್ಟಳು. ಅಂಗಡಿಯಿಂದ ಒಂದು ಮಾರು ಸುತಳಿ ಕತ್ತರಿಸಿ ತಂದು ಗಾಡಿಗೆ ಕಟ್ಟಿದಳು. ಸುತಳಿಯ ತುದಿ ನನ್ನ ಕೈಗೆ ಕೊಟ್ಟು, ನನ್ನನ್ನು ಜಮಖಾನದ ಆಚೆ ಬರಿ ನೆಲದ ಮೇಲೆ ನಿಲ್ಲಿಸಿದಳು. ಇನ್ನೊಂದು ಬದಿಗೆ ಜಮಖಾನದ ಅಂಚು ಹಿಡಿದು ಹಣಮಂತಪ್ಪ.

"ನೀವು ಸುಮ್ಮ ಹಿಡಕೊಂಡು ನಿಂದರ್ರಿ. ಅಪ್ಪಾ, ನೀ ಜಗ್ಗು."

ಅವರು ಜಮಖಾನ ಎಳೆದರು. ಗಾಲಿಗಳು ಗಡಗಡ ತಿರುಗಿದವು. ಜಮಖಾನ ಕೆಳಗಿನಿಂದ ಹಿಂದಕ್ಕೆ ಹೋಯಿತು, ಗಾಡಿ ಮಾತ್ರ ಇದ್ದಲ್ಲೇ ಇತ್ತು.

ಮತ್ತೆ ಹಾಸಿ ಗಾಡಿಯನ್ನು ಇಟ್ಟಳು. "ಈಗ ನಿಮ್ಮ ಕಡಿಗೆ ಎಳೀರಿ. ಅಪ್ಪಾ, ಅವ್ರು ಎಷ್ಟು ಜೋರ್ ಎಳೀತಾರೋ ನೀನೂ ಅಷ್ಟೇ ಜೋರ್ ಹಿಂದಕ ಜಗ್ಗು."

ನಾನು ಎಳೆದೆ. ಅವರು ಆ ತೋಳುಗಳಿಂದ ಜಗ್ಗಿದರು. ಗಾಲಿಗಳು ಮೊದಲಿಗಿಂತ ಎರಡು ಪಟ್ಟು ಜೋರಾಗಿ ತಿರುಗಿದವು. ಗಾಡಿ ಸೀದಾ ಬಂದು ನನ್ನ ಹೆಬ್ಬೆರಳಿಗೆ ಬಡಿಯಿತು.

ನಾನು ಒಂದು ಕಾಲಿನ ಮೇಲೆ ನಿಂತು, "ಖರೇ ಅದ, ಆದ್ರ ನನ್ನ ಕೈ ಜಮಖಾನದ ಹೊರಗ ಅದಲ್ಲ!" ಎಂದೆ.

ಮಹಾದೇವಿ ಮೆಲ್ಲಗೆ, "ನಾನೂ ಅದನ್ನೇ ಹೇಳಾಕತ್ತೇನ್ರಿ" ಎಂದಳು.

ಹೊಸ್ತಿಲ ಮೇಲಿದ್ದ ಕಾಕಾ ಫಕ್ಕನೆ ನಕ್ಕ. ಸೂಸಲ ನೆತ್ತಿಗೇರಿ ಕೆಮ್ಮಿದ. ಆ ಗಳಿಗೆಯಲ್ಲಿ ನಾನೂ ನಕ್ಕುಬಿಟ್ಟಿದ್ದರೆ ಎಲ್ಲ ಚಂದ ಆಗುತ್ತಿತ್ತು. ಆದರೆ ನನ್ನ ಕಣ್ಣ ಮುಂದೆ ಇಡೀ ಕ್ಯಾಂಪು ಬಂತು, ನನ್ನ ಪಕ್ಷ ಬಂತು, ಸುಣ್ಣದ ಕಲ್ಲು ಬಂತು.

"ನಾ ದಿನಾ ನೀರು ಅಳಿಯೋ ಮನುಷ್ಯಾ. ನಿನ್ನ ಕಡಿಂದ ಕಲೀಬೇಕಾಗಿಲ್ಲ" ಎಂದುಬಿಟ್ಟೆ.

ಅಲ್ಲಿಯವರೆಗೆ ಆಕೆ ನನಗೆ ರೀ ಅನ್ನುತ್ತಿದ್ದಳು, ನಾನೂ ಬಹುವಚನ ಬಿಟ್ಟಿರಲಿಲ್ಲ. ಹೆಣ್ಣು ನೋಡಲು ಬಂದವನು, ಇನ್ನೂ ಎಲೆ ಅಡಿಕೆ ಕೂಡ ಆಗಿಲ್ಲ, ಅವರ ಮನೆಯಲ್ಲಿ ನಿಂತು ಅವರ ಮಗಳಿಗೆ 'ನಿನ್ನ' ಅಂದಿದ್ದೆ. ಮಹಾದೇವಿ ಸುತಳಿ ಬಿಚ್ಚಿ, ಬೆರಳಿಗೆ ಸುತ್ತಿಕೊಳ್ಳುತ್ತ ಒಳಗೆ ಹೋದಳು. ಚಾ ತಂದದ್ದು ಆಕೆಯಲ್ಲ, ಆಕೆಯ ಅವ್ವ. ಅಲ್ಲಿಗೆ ತಿಳಿದುಕೊಳ್ಳಬೇಕು. ಕಾಕಾ ತಿಳಿದುಕೊಂಡ, ಚಾ ಬಶಿಗೆ ಸುರುವಿಕೊಂಡು ಗಡಬಡಿಸಿ ಕುಡಿದ.

ತಿರುಗಿ ಬರುವಾಗ ಬಸ್ಸಿನಲ್ಲಿ ಶಹಾಪುರದ ಗುಡ್ಡ ಕಾಣುತ್ತಲೇ ಆತ ಒಮ್ಮೆಲೇ ಶುರುಮಾಡಿದ.

"ಅಲ್ಲೋ, ವಿಮಾನ ಹಾರ್ಲಿ ಬಿಡ್ಲಿ, ನಿಮ್ಮಪ್ಪಂದೇನ್ ಗಂಟು ಹೋಗ್ತದ? ಎಂಥಾ ಬಂಗಾರದಂಥ ಹುಡುಗಿ. ಸೂಸಲ ಎಷ್ಟು ಮೆತ್ತಗ ಮಾಡಿದ್ಲು!"

"ಕಾಕಾ, ಪ್ರಶ್ನಾ ಸೂಸಲದ್ದಲ್ಲ."

"ಮತ್ತೇನ್ ವಿಮಾನ ನಿಮ್ಮ ಮನಿ ರೊಟ್ಟಿ ಬಡೀತದೇನು?"

ನಾನು ಕಿಟಕಿಯ ಹೊರಗೆ ನೋಡಿದೆ. ಕಾಲುವೆಯ ನೀರು ಹತ್ತಿದ ಹೊಲಗಳಲ್ಲಿ ಭತ್ತ ನಾಟಿ ಮಾಡುತ್ತಿದ್ದರು. ನಮ್ಮ ಕಡೆಯ ಜನ ಆಗಷ್ಟೇ ಕೆಸರಿನಲ್ಲಿ ಹಿಂದಕ್ಕೆ ನಡೆಯುವುದನ್ನು ಕಲಿಯುತ್ತಿದ್ದರು. ನಾನೂ ಕಲಿಯಬೇಕಿತ್ತು.

ಐದು ದಿನ ಬಿಟ್ಟು ಕಾಕಾ ಕ್ಯಾಂಪಿಗೆ ಬಂದ. ಅಲ್ಲಿಂದ ಮಾತು ಬಂದಿತ್ತು. ಹುಡುಗಿ ಒಲ್ಲೆ ಅಂದಾಳ. ಆಕೆ ಏನು ಹೇಳಿದಳೋ ಅದನ್ನೇ ಕಾಕಾ ನನಗೆ ಒಪ್ಪಿಸಿದ: "ಮನುಷ್ಯಾ ಛಲೋ ಅದಾನ. ಆದ್ರ ತನ್ನ ಕೈಲೇ ಎಳದು ನೋಡಿದ್ದನ್ನೂ ಒಪ್ಪಂಗಿಲ್ಲ. ಇಂಥವ್ರಿಗೆ ನಾಳೆ ಸಂತಿ ಲೆಕ್ಕ ತಪ್ಪ್ಯದ ಅಂತ ಹ್ಯಾಂಗ ಹೇಳೋದು?"

ನಿಜ ಹೇಳುತ್ತೇನೆ, ಆ ಮಾತು ನನ್ನನ್ನು ಚುಚ್ಚಿಬಿಟ್ಟಿತು. ಆಕೆ ನನಗೆ ಪೆದ್ದ ಅನ್ನಲಿಲ್ಲ. ಪೆದ್ದ ಅಂದಿದ್ದರೆ ಸಿಟ್ಟು ಮಾಡಿಕೊಂಡು ಮರೆಯುತ್ತಿದ್ದೆ. ಎರಡು ದಿನ ಊಟ ಸೇರಲಿಲ್ಲ. ಅಳತೆಗೋಲು ನೋಡಿ ಬಂದು, ಎಷ್ಟಿತ್ತು ಎಂಬುದು ಮರೆತು, ಮತ್ತೆ ನೋಡಲು ಹೋಗುತ್ತಿದ್ದೆ. ವಿಮಾನ ಹಾರಿದರೂ ಸರಿ, ಹಾರದಿದ್ದರೂ ಸರಿ, ಆಕೆ ಬೇಕಾಗಿತ್ತು. ಆದರೆ ಸುಮ್ಮನೆ 'ಹಾರುತ್ತದೆ' ಎಂದು ಹೇಳಿ ಕಳಿಸಿದರೆ ಅದು ಮದುವೆಗಾಗಿ ಹೇಳಿದ ಸುಳ್ಳಾಗುತ್ತದೆ. ಆಕೆಗೆ ಅದು ಗೊತ್ತಾಗದೆ ಇರುವುದಿಲ್ಲ. ನನಗೇ ಒಪ್ಪಿಗೆ ಆಗಬೇಕಿತ್ತು.

ಒಂದು ಬೆಳಿಗ್ಗೆ ಗಾಳಿ ತುಂಬಿದ ಟ್ರ್ಯಾಕ್ಟರಿನ ಹಳೇ ಟ್ಯೂಬು, ಒಂದು ಹಗ್ಗ ತಗೊಂಡು ಸುಣ್ಣದ ಕಲ್ಲಿನ ಹತ್ತಿರ ಹೋದೆ. ಟ್ಯೂಬಿಗೆ ಹಗ್ಗ ಕಟ್ಟಿ ನೀರಿಗೆ ಬಿಟ್ಟೆ. ಹಗ್ಗ ಹಿಡಿದು ದಂಡೆಯ ಮೇಲೆ ನಿಂತೆ. ನೀರು ಟ್ಯೂಬಿನ ಎರಡೂ ಬದಿಗೆ ನೊರೆ ಎಬ್ಬಿಸಿ ಓಡುತ್ತಿತ್ತು, ಟ್ಯೂಬು ಕಲ್ಲಿನ ಎದುರಿಗೇ ಇತ್ತು. ನಾನು ಎಷ್ಟೊಂದು ಸಂಜೆ ಉಸಿರುಗಟ್ಟಿ ಕೈ ಬಡಿದು ನಿಂತ ಜಾಗ! ಈಗ ಮೇಲ್ಮುಖವಾಗಿ ಒಂದು ಹೆಜ್ಜೆ ಇಟ್ಟೆ. ಟ್ಯೂಬು ಒಂದು ಹೆಜ್ಜೆ ಬಂತು. ಹತ್ತು ಹೆಜ್ಜೆ ನಡೆದೆ. ಮನೆಯ ಎಮ್ಮೆಯ ಹಾಗೆ ಹಿಂದಿನಿಂದ ಬಂತು. ನೀರು ತನ್ನ ಪಾಡಿಗೆ ಹಿಂದಕ್ಕೆ ಓಡುತ್ತಲೇ ಇತ್ತು, ಅದರ ಆಟ ನಡೆಯಲಿಲ್ಲ. ಯಾಕೆಂದರೆ ನನ್ನ ಕಾಲು ನೀರಿನಲ್ಲಿರಲಿಲ್ಲ, ದಂಡೆಯ ಮೇಲಿತ್ತು.

"ಅಯ್ಯ, ಖರೇನೇ ಹಾರ್ತದಲ್ಲೋ!" ಎಂದು ಒಬ್ಬನೇ ಕೂಗಿದೆ. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಮುದುಕಿ ಆಕಾಶ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನನಗೆ ಏನು ಸಂತೋಷ ಅಂತೀರಿ! ತಪ್ಪಿದ್ದು ಗೊತ್ತಾದರೆ ಅಷ್ಟು ಸಂತೋಷವಾಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಈಗ ಅದನ್ನು ಆಕೆಗೆ ಮುಟ್ಟಿಸುವುದು ಹ್ಯಾಗೆ? ನಮ್ಮಲ್ಲಿ ಹುಡುಗ ತಾನೇ ಮಾತು ಕಳಿಸುವ ಪದ್ಧತಿ ಇಲ್ಲ, ಎಲ್ಲ ಹಿರಿಯರ ಮೂಲಕ. ಕಾಕಾನನ್ನು ಕೇಳಿದೆ. "ವಿಮಾನ ಹಾರ್ತದಂತ ಹೇಳಾಕ ನಾ ರಂಗಂಪೇಟಿಗೆ ಹೋಗ್ಬೇಕೇನು? ನನಗ ವಯಸ್ಸಾಗ್ಯದಪಾ, ಮರ್ಯಾದಿ ಅದ" ಎಂದ. ಕೊನೆಗೆ ಒಂದು ಇನ್‌ಲ್ಯಾಂಡ್ ಪತ್ರ ತಂದು, ಹುಡುಗಿಯ ಹೆಸರಿಗೆ ಬರೆಯುವ ಹಾಗಿಲ್ಲವಲ್ಲ, ಆಕೆಯ ಅಪ್ಪನ ಹೆಸರಿಗೇ ಬರೆದೆ: "ಹಣಮಂತಪ್ಪನವರಿಗೆ ನಮಸ್ಕಾರ. ವಿಮಾನ ಹಾರ್ತದ್ರಿ. ತಪ್ಪು ನಂದು. ನಿಮ್ಮ ಮಗಳಿಗೆ ನೀನು ಅಂದದ್ದೂ ತಪ್ಪು." ಉಳಿದ ಜಾಗವೆಲ್ಲ ಖಾಲಿ. ಇನ್ನೇನಾದರೂ ಬರೆಯೋಣವೆಂದು ಒಂದು ತಾಸು ಪೆನ್ನು ಹಿಡಿದು ಕೂತೆ, ತೋಚಲಿಲ್ಲ. ಹೆಣ್ಣು ನೋಡಿ ಬಂದ ಹನ್ನೊಂದನೆಯ ದಿನ ಅದನ್ನು ಡಬ್ಬಿಗೆ ಹಾಕಿದೆ.

ಮುಂದಿನದನ್ನು ನಮ್ಮ ಮಾವನವರೇ ಎಷ್ಟೋ ಮದುವೆಗಳಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದ್ದಾರೆ. ಪತ್ರ ಬಂತು. ಅವರಿಗೆ ಓದಲು ಬರುವುದಿಲ್ಲ, ಮಗಳ ಕೈಗೆ ಕೊಟ್ಟರು. ಆಕೆ ನಿಂತುಕೊಂಡೇ ಓದಿದಳು. ಇನ್ನೊಮ್ಮೆ ಓದಿದಳು.

"ಯಾರ್ದವ್ವಾ?"

"ಶಹಾಪುರದ್ದು."

"ಏನ್ ಬರದಾರ?"

"ವಿಮಾನ ಹಾರ್ತದಂತ."

ಮಾವನವರು ತಲೆ ಕೆರೆದುಕೊಂಡರು. "ಅಂದ್ರ, ಆ ಹುಡುಗಗ ಒಪ್ಪಿಗಿ ಅದ ಅಂತೇನು?"

ಆಕೆ ಪತ್ರವನ್ನು ಮಡಚಿ ಗಣಿತದ ಪುಸ್ತಕದಲ್ಲಿಟ್ಟು, "ಹುಡುಗಗ ಬುದ್ಧಿ ಬಂದದ. ಒಪ್ಪಿಗಿ ನಂದದ" ಎಂದಳಂತೆ.

ಕ್ಯಾಂಪಿನಲ್ಲಿ ನನ್ನ ಪಕ್ಷದವರು ನನ್ನನ್ನು ಸುಮ್ಮನೆ ಬಿಡಲಿಲ್ಲ. ಹೆಂಡತಿಯ ಸಲುವಾಗಿ ಪಕ್ಷ ಬಿಟ್ಟ ಎಂದರು. ಟ್ಯೂಬು ಎಳೆದು ತೋರಿಸಿದೆ, "ಟ್ಯೂಬು ಬ್ಯಾರೆ, ವಿಮಾನ ಬ್ಯಾರೆ" ಎಂದರು. ಆ ದನಿ ನನಗೆ ಚೆನ್ನಾಗಿ ಪರಿಚಯದ್ದು. ಅವರಲ್ಲೊಬ್ಬ ಈಗಲೂ ಶಹಾಪುರದ ಬಸ್ ನಿಲ್ದಾಣದಲ್ಲಿ ಸಿಕ್ಕರೆ ನಮಸ್ಕಾರಕ್ಕೆ ಮೊದಲು "ಹಾರಂಗಿಲ್ಲಲೇ" ಅನ್ನುತ್ತಾನೆ. ಮದುವೆಯಾಗಿ ಮಹಾದೇವಿ ಕ್ಯಾಂಪಿನ ಮನೆಗೆ ಬಂದ ಮೊದಲ ದಿನ, ಟ್ರಂಕಿನಿಂದ ಸೀರೆ ತೆಗೆಯುವ ಮೊದಲು ಅದೇ ಒಂದು ಮಾರು ಸುತಳಿ ತೆಗೆದಳು. ಕಲ್ಲಿನಿಂದ ಅಡುಗೆಮನೆಯ ಗೋಡೆಗೆ ಮೊಳೆ ಬಡಿದು ಅದಕ್ಕೆ ಹಾಕಿದಳು. ಮನೆ ಬದಲಾದಾಗಲೆಲ್ಲ ಮೊದಲು ಮೊಳೆ, ಆಮೇಲೆ ಒಲೆ.

ಇಷ್ಟು ವರ್ಷದಲ್ಲಿ ಆ ಸುತಳಿ ನನ್ನ ಎದುರಿಗೆ ಎಷ್ಟು ಸಲ ಬಂದಿದೆಯೋ ಎಣಿಸಿಲ್ಲ. ನಾನು ಅದನ್ನು ಆಕೆಯ ಎದುರಿಗೆ ಇಡುವ ಪ್ರಸಂಗ ಮಾತ್ರ ಬಂದಿರಲಿಲ್ಲ. ಹೋದ ವಾರ ಬಂತು! ಯಾದಗಿರಿಯಲ್ಲಿ ಬೀಗರ ಮನೆಯ ಒಂದು ಮದುವೆ ಮುಗಿಸಿ ಬಂದಿದ್ದೆವು. ಟ್ರಂಕಿನ ಕೀಲಿಕೈ ಕಾಣಲಿಲ್ಲ. "ನೀವೇ ಅಲ್ಲಿ ಬಿಟ್ಟು ಬಂದೀರಿ" ಎಂದಳು. ನಿನ್ನ ಕೈಗೇ ಕೊಟ್ಟೇನಿ ಎಂದೆ. ಕೇಳಲಿಲ್ಲ. ನನ್ನ ಎಲ್ಲ ಅಂಗಿಗಳ ಕಿಸೆ ಹೊರಗೆ ಬಂದವು. ಯಾದಗಿರಿಗೆ ಫೋನು ಮಾಡಿಸಿ, ಆ ಬೀಗರಿಂದ ಮಂಚದ ಕೆಳಗೆಲ್ಲ ಹುಡುಕಿಸಿದಳು. ಮೂರನೆಯ ದಿನ ರೊಟ್ಟಿಗೆ ಹಿಟ್ಟು ತೆಗೆಯಲು ಡಬ್ಬಿಯಲ್ಲಿ ಕೈ ಹಾಕಿದಳು. ಜೋಳದ ಹಿಟ್ಟಿನ ತಳದಿಂದ ಕೀಲಿಕೈ ಬಂತು. ಕಳ್ಳರಿಗೆ ಸಿಗಬಾರದೆಂದು ಹೊರಡುವ ಮೊದಲು ತಾನೇ ಅಲ್ಲಿ ಹುಗಿದಿಟ್ಟಿದ್ದಳು.

ನನಗೆ ಆದ ಹಿಗ್ಗು ಹೇಳತೀರದು. ಆದರೆ ಗಡಬಡಿಸಲಿಲ್ಲ. ಆಕೆ ಹಿಟ್ಟು ನಾದಿಕೊಂಡು ರೊಟ್ಟಿ ಬಡಿಯಲು ಶುರುಮಾಡುವವರೆಗೆ ಕಾದೆ. ಕೈ ತೊಳೆದುಕೊಂಡೆ. ಮೊಳೆಯಿಂದ ಸುತಳಿ ತೆಗೆದು, ಎರಡೂ ಕೈಯಿಂದ ಹಿಡಿದು ತಂದು, ಆಕೆಯ ಹಿಟ್ಟಿನ ಪರಾತದ ಪಕ್ಕದಲ್ಲಿಟ್ಟೆ. ಎರಡು ಹೆಜ್ಜೆ ಹಿಂದೆ ನಿಂತೆ. ಆಕೆ ಏನು ಅಂದರೆ ನಾನು ಏನು ಅನ್ನಬೇಕು ಎಂಬುದೆಲ್ಲ ಸಿದ್ಧವಾಗಿತ್ತು.

ಮಹಾದೇವಿ ಸುತಳಿ ನೋಡಿದಳು.

"ಹೌದ್ರಿ, ತಪ್ಪು ನಂದೇ" ಎಂದಳು. "ಆ ಕಡಿ ಇಡ್ರಿ ಅದನ್ನ, ಹಿಟ್ಟು ಹತ್ತೀತು."

ಅಷ್ಟೇ. ರೊಟ್ಟಿ ಬಡಿಯುವ ಸದ್ದು ಒಂದು ಏಟೂ ತಪ್ಪಲಿಲ್ಲ.

ನಾನು ಸಿದ್ಧ ಮಾಡಿಕೊಂಡ ಮಾತೆಲ್ಲ ಹಾಗೇ ಉಳಿಯಿತು. ಅದೇ ಎರಡು ಮಾತು ಹೇಳಲು ನನಗೆ ಒಂದು ಕಾಲುವೆ ಬೇಕಾಗಿತ್ತು, ಟ್ರ್ಯಾಕ್ಟರಿನ ಟ್ಯೂಬು ಬೇಕಾಗಿತ್ತು, ಹನ್ನೊಂದು ದಿನ ಬೇಕಾಗಿತ್ತು. ಸುತಳಿಗೆ ಹತ್ತಿದ ಹಿಟ್ಟು ಜಾಡಿಸಿ ತಿರುಗಿ ಮೊಳೆಗೆ ಹಾಕಿದೆ. ಆವತ್ತು ಹಾಲಿನವಳಿಗೆ ಆಕೆ ಹೇಳಿದ್ದು ಖರೇ ಇತ್ತು. ಅದು ಮನಿಯವ್ರದು, ನನ್ನೊಬ್ಬನದು.